ತಜ್ಞರ ಸರದಿ ಬರುವವರೆಗೆ ತಲೆ–ಕುತ್ತಿಗೆಯ ಪಾಡೇನು?

ಕಳೆದ ವರ್ಷದ ಏಪ್ರಿಲ್ ತಿಂಗಳು. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಬೀದರಿನ ಶಾಲೆಯೊಂದರ ಕೋಣೆಯಲ್ಲಿ ನಾವು ಹತ್ತು ಹನ್ನೆರಡು ಮಂದಿ ವಿಜ್ಞಾನ ಶಿಕ್ಷಕರು ತಲೆ ತಗ್ಗಿಸಿ ಕುಳಿತಿದ್ದೆವು. ಹೊರಗೆ ಸುಡು ಬಿಸಿಲು. ಮಧ್ಯಾಹ್ನ ಎರಡರ ಹೊತ್ತಿಗೆ ನನ್ನ ಹೆಡಕಿನಲ್ಲಿ ಸಣ್ಣಗೆ ಶುರುವಾದ ನೋವು ತಲೆಬುರುಡೆಯ ಹಿಂಭಾಗವನ್ನು ಹತ್ತಿ, ಕಿವಿಯ ಮೇಲಿಂದ ಬಳಸಿ, ಬಲಗಣ್ಣಿನ ಹಿಂದೆ ಬಂದು ಠಾಣ್ಯ ಹೂಡಿತು.

"ಏನ್ರಿ ಸರ್, ತಲಿ ಹಿಡ್ಕೊಂಡು ಕುಂತೀರಿ? ಇದೊಂದು ಗುಳಿಗಿ ನುಂಗ್ರಿ, ಹತ್ತು ನಿಮಿಷದಾಗ ಖಲ್ಲಾಸ್ ಆಗ್ತದ" ಎಂದು ಪಕ್ಕದವರು ಅಂಗಿಯ ಜೇಬಿನಿಂದ ಪಟ್ಟಿ ತೆಗೆದರು. ಎದುರಿನವರು ತಮ್ಮ ಬ್ಯಾಗಿನಿಂದ ಇನ್ನೊಂದು ಬಗೆಯ ಗುಳಿಗೆ ತೆಗೆದು, "ಅದಕ್ಕಿಂತ ಇದು ಜೋರದರಿ" ಎಂದರು. ನಗು ಬಂದಿತು. ಯಾಕೆಂದರೆ ನನ್ನ ಜೇಬಿನಲ್ಲೂ ಒಂದು ಪಟ್ಟಿ ಇತ್ತು! ಕೋಣೆಯಲ್ಲಿದ್ದ ಅರ್ಧಕ್ಕೂ ಹೆಚ್ಚು ಮಂದಿ ನೋವಿನ ಗುಳಿಗೆಯನ್ನು ಪೆನ್ನಿನ ಹಾಗೆ ಜೊತೆಗಿಟ್ಟುಕೊಂಡು ಬಂದಿದ್ದರು.

ನನ್ನ ಈ ನೋವಿಗೆ ಆಗ ಮೂರು ವರ್ಷ ತುಂಬಿತ್ತು. ಮೊದಮೊದಲು ವಾರಕ್ಕೊಮ್ಮೆ ಬಂದುಹೋಗುತ್ತಿದ್ದ ನೆಂಟ, ಆಮೇಲೆ ಮನೆಯವನೇ ಆಗಿಬಿಟ್ಟ. ಒಂದು ದಿನ ಒಂಬತ್ತನೇ ತರಗತಿಯಲ್ಲಿ ಬೆಳಕಿನ ಪ್ರತಿಫಲನದ ಪಾಠ ಮಾಡುತ್ತಿದ್ದಾಗ, ಎರಡನೆಯ ಸಲ ಅದೇ ಪ್ರಶ್ನೆ ಕೇಳಿದ ಹುಡುಗನ ಮೇಲೆ ಎಲ್ಲರೆದುರು ಹರಿಹಾಯ್ದೆ. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಪ್ರಶ್ನೆ ಕೇಳಿದ್ದಕ್ಕಾಗಿ ಯಾರನ್ನೂ ಬೈದವನಲ್ಲ. ಆ ಹುಡುಗ ಆಮೇಲೆ ಕೈ ಎತ್ತುವುದನ್ನೇ ಬಿಟ್ಟ. ಅವತ್ತೇ ನರರೋಗ ತಜ್ಞರನ್ನು ಕಾಣಲೇಬೇಕೆಂದು ನಿರ್ಧರಿಸಿ, ಮೌಲ್ಯಮಾಪನ ಮುಗಿದ ವಾರವೇ ಹೈದರಾಬಾದಿನ ಆಸ್ಪತ್ರೆಯೊಂದಕ್ಕೆ ಫೋನ್ ಮಾಡಿದೆ. ನಾನು ಕಾಣಬೇಕೆಂದಿದ್ದ ತಜ್ಞರ ಸರದಿ ಸಿಕ್ಕಿದ್ದು ಒಂಬತ್ತು ವಾರಗಳ ನಂತರ.

ಈ ಒಂಬತ್ತು ವಾರ ಏನು ಮಾಡಬೇಕು? ಈ ಬರಹ ಅದರ ಬಗ್ಗೆಯೇ. ನಾನು ವೈದ್ಯನಲ್ಲ, ಬಿಎಸ್ಸಿ ಬಿಎಡ್ ಮಾಡಿದ ಶಾಲಾ ಮಾಸ್ತರ. ಆದರೆ ನೋವು ಉಂಡವನು, ಓದಿದವನು, ತಪ್ಪು ಮಾಡಿ ತಿದ್ದಿಕೊಂಡವನು. ಔರಾದದಿಂದಲೋ ಭಾಲ್ಕಿಯಿಂದಲೋ ಬೀದರಿಗೆ ಬರಲು ಸುಮಾರು 40 ಕಿ.ಮೀ., ಬೀದರಿನಿಂದ ಹೈದರಾಬಾದಿಗೆ ಸುಮಾರು 140 ಕಿ.ಮೀ. ಔರಾದ ಭಾಗದವರು ಉದಗೀರ, ಲಾತೂರ, ನಾಂದೇಡದ ಹಾದಿ ಹಿಡಿಯುವುದೂ ಉಂಟು. 2017ರಲ್ಲಿ ಬೀದರ–ಕಲಬುರಗಿ ರೈಲು ಮಾರ್ಗ ಆರಂಭವಾದ ಮೇಲೆ ಆ ಕಡೆಯ ಪ್ರಯಾಣ ಹಗುರವಾಗಿದೆ. ಅದೇನೇ ಇದ್ದರೂ ತಜ್ಞರೆಂದರೆ ನಮಗೆ ಪ್ರಯಾಣ, ಖರ್ಚು ಮತ್ತು ಕಾಯುವಿಕೆ.

ಇದು ಒಬ್ಬಿಬ್ಬರ ಗೋಳಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ವಿದೇಶಿ ಸಂಶೋಧಕರೊಡಗೂಡಿ ಕರ್ನಾಟಕದಲ್ಲಿ ನಡೆಸಿದ ಸಮೀಕ್ಷೆಯ ವರದಿ 2015ರಲ್ಲಿ ಪ್ರಕಟವಾಯಿತು. 18ರಿಂದ 65 ವರ್ಷದ 2,329 ಜನರನ್ನು ಅವರು ಮಾತಾಡಿಸಿದ್ದರು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಅನುಭವಿಸಿದವರು ನೂರಕ್ಕೆ 63.9, ಮೈಗ್ರೇನ್ ಅಂದರೆ ಅರೆತಲೆಶೂಲೆ ಉಳ್ಳವರು ನೂರಕ್ಕೆ 25.2. ತಿಂಗಳಲ್ಲಿ 15 ಅಥವಾ ಹೆಚ್ಚು ದಿನ ತಲೆ ನೋಯುವವರು ನೂರಕ್ಕೆ ಮೂವರು. ಆ ಮೂವರ ಗುಂಪಿನಲ್ಲಿ ನಾನೂ ಒಬ್ಬನಾಗಿದ್ದೆ.

ಕಾಯಲೇಬಾರದವರು

ಮುಂದೆ ಹೋಗುವ ಮೊದಲು ಒಂದು ಮಾತು. ಕೆಲವು ತಲೆನೋವುಗಳಿಗೆ ಸರದಿ ಕಾಯುವ ಹಂಗಿಲ್ಲ. ಸಿಡಿಲು ಬಡಿದಂತೆ ಒಂದು ನಿಮಿಷದೊಳಗೆ ಶಿಖರಕ್ಕೇರಿದ, ಜೀವಮಾನದಲ್ಲೇ ಕಾಣದಂಥ ತಲೆನೋವು. ಜ್ವರದೊಂದಿಗೆ ಕುತ್ತಿಗೆ ಸೆಟೆದುಕೊಳ್ಳುವುದು. ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಕೈ ಕಾಲಿನ ಬಲ ಕುಂದುವುದು, ಎರಡೆರಡಾಗಿ ಕಾಣುವುದು. ತಲೆಗೆ ಪೆಟ್ಟಾದ ಮೇಲೆ ಹೆಚ್ಚುತ್ತ ಹೋಗುವ ನೋವು, ವಾಂತಿ, ಮಂಪರು. ಇವುಗಳಲ್ಲಿ ಯಾವುದೊಂದು ಕಂಡರೂ 108ಕ್ಕೆ ಫೋನ್ ಮಾಡಬೇಕು, ಹತ್ತಿರದ ದೊಡ್ಡ ಆಸ್ಪತ್ರೆಗೆ ಅದೇ ಗಳಿಗೆಯಲ್ಲಿ ಹೋಗಬೇಕು. ಗರ್ಭಿಣಿಯರಿಗೆ ಮತ್ತು ಬಾಣಂತಿಯರಿಗೆ ಹೊಸದಾಗಿ ಜೋರು ತಲೆನೋವು ಬಂದರೂ ಅಷ್ಟೇ.

ನನ್ನ ವಯಸ್ಸಿನವರು ಇನ್ನೊಂದನ್ನು ತಿಳಿದಿರಬೇಕು. 50 ದಾಟಿದ ಮೇಲೆ ಮೊಟ್ಟಮೊದಲ ಸಲ ಶುರುವಾದ ತಲೆನೋವು, ಅದರೊಂದಿಗೆ ಕಪಾಳದ ಬಳಿ ಮುಟ್ಟಿದರೆ ನೋವು, ರೊಟ್ಟಿ ಅಗಿಯುವಾಗ ದವಡೆ ಸೋಲುವುದು, ಕಣ್ಣು ಮಂಜಾಗುವುದು ಇದ್ದರೆ, ಅದು ಕಪಾಳದ ರಕ್ತನಾಳದ ಉರಿಯೂತ ಇರಬಹುದು. ತಡ ಮಾಡಿದರೆ ದೃಷ್ಟಿಯೇ ಹೋದೀತು. ಹಾಗೆಯೇ ಕುತ್ತಿಗೆ ನೋವಿನ ಜೊತೆ ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ನಡೆಯುವಾಗ ಕಾಲು ತೊಡರುವುದು, ಮೂತ್ರದ ಹಿಡಿತ ತಪ್ಪುವುದು ಬೆನ್ನುಹುರಿ ಒತ್ತಿಹೋಗುತ್ತಿರುವ ಸೂಚನೆ. ಇಂಥವರು ಒಂಬತ್ತು ವಾರವಲ್ಲ, ಒಂಬತ್ತು ದಿನವೂ ಕಾಯಬಾರದು.

ಇವು ಯಾವುವೂ ಇಲ್ಲ, ನೋವು ಹಳೆಯದು, ಸ್ಥಳೀಯ ವೈದ್ಯರು ಒಮ್ಮೆ ನೋಡಿ ರಕ್ತದೊತ್ತಡ ಪರೀಕ್ಷಿಸಿದ್ದಾರೆ ಎನ್ನುವವರಿಗೆ ಮುಂದಿನ ಮಾತುಗಳು.

ಇಟ್ಟಿಗೆಯ ಪ್ರಯೋಗ

ಹೆಡಕಿನ ನೋವು ಕಣ್ಣಿನ ಹಿಂದೆ ಹೇಗೆ ಹೋಗುತ್ತದೆ? ಇದು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ. ಮಿದುಳಿಗೆ ಸ್ವತಃ ನೋವಿನ ಅರಿವಿಲ್ಲ. ಅದರ ಹೊದಿಕೆಗೆ, ರಕ್ತನಾಳಗಳಿಗೆ, ತಲೆ ಕುತ್ತಿಗೆಯ ಸ್ನಾಯು ಕೀಲುಗಳಿಗೆ ಇದೆ. ಕುತ್ತಿಗೆಯ ಮೇಲಿನ ಮೂರು ಜೊತೆ ನರಗಳೂ, ಮುಖ ಹಣೆ ಕಣ್ಣುಗಳ ಸುದ್ದಿ ತರುವ ಟ್ರೈಜೆಮಿನಲ್ ನರವೂ ಬೆನ್ನುಹುರಿಯ ಮೇಲ್ತುದಿಯಲ್ಲಿ ಒಂದೇ ಜಾಗಕ್ಕೆ ಬಂದು ಕೂಡುತ್ತವೆ. ಎರಡು ಊರಿನ ಟಪಾಲು ಒಂದೇ ಅಂಚೆ ಕಚೇರಿಗೆ ಬಂದು, ಲಕೋಟೆಯ ಮೇಲಿನ ಊರಿನ ಹೆಸರು ಅಳಿಸಿಹೋದ ಹಾಗೆ! ಕುತ್ತಿಗೆಯಿಂದ ಬಂದ ದೂರನ್ನು ಮಿದುಳು ಕಣ್ಣಿನದೆಂದು ಓದುತ್ತದೆ. ಇದರ ತಿರುಗುಮುರುಗೂ ನಿಜ. ಅರೆತಲೆಶೂಲೆ ಇದ್ದವರಿಗೆ ಕುತ್ತಿಗೆ ಹಿಡಿದುಕೊಳ್ಳುವುದು ಬಹಳ ಸಾಮಾನ್ಯ. ಅಂಥವರು ವರ್ಷಗಟ್ಟಲೆ ಕುತ್ತಿಗೆಗೆ ಎಣ್ಣೆ ತಿಕ್ಕಿಕೊಳ್ಳುತ್ತ, ಪಟ್ಟಿ ಕಟ್ಟಿಕೊಳ್ಳುತ್ತ ಮೂಲ ರೋಗಕ್ಕೆ ಮದ್ದು ಪಡೆಯದೆ ಉಳಿದುಬಿಡುತ್ತಾರೆ. ಆದ್ದರಿಂದ 'ನನಗೆ ಸ್ಪಾಂಡಿಲೈಟಿಸ್ ಇದೆ' ಎಂದು ನಾವೇ ತೀರ್ಪು ಕೊಟ್ಟುಕೊಳ್ಳುವುದು ತರವಲ್ಲ.

ಎಕ್ಸರೇಯಲ್ಲಿ ಮೂಳೆ ಸವೆದದ್ದು ಕಂಡಿತೆಂದು ಗಾಬರಿ ಬೀಳುವವರಿಗೂ ಒಂದು ಸಂಗತಿ. ಜಪಾನಿನಲ್ಲಿ ಕುತ್ತಿಗೆ ನೋವೇ ಇಲ್ಲದ 1,211 ಜನರ ಎಂಆರ್‌ಐ ತೆಗೆದು ನೋಡಿ, 2015ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 87.6 ಮಂದಿಯ ಕತ್ತಿನ ಡಿಸ್ಕ್ ಉಬ್ಬಿತ್ತು! ತಲೆಗೂದಲು ನೆರೆದಂತೆ ಕುತ್ತಿಗೆಯೂ ನೆರೆಯುತ್ತದೆ. ಚಿತ್ರದಲ್ಲಿ ಕಂಡದ್ದೆಲ್ಲ ನೋವಿನ ಕಾರಣವಲ್ಲ.

ತರಗತಿಯಲ್ಲಿ ಸನ್ನೆಕೋಲಿನ ಪಾಠ ಮಾಡುವಾಗ ನಾನು ಒಂದು ಪ್ರಯೋಗ ಮಾಡಿಸುತ್ತೇನೆ. ನಮ್ಮ ತಲೆಯ ತೂಕ ಸುಮಾರು ಐದು ಕಿಲೋ. ಹೆಚ್ಚು ಕಡಿಮೆ ಎರಡು ಸಣ್ಣ ಇಟ್ಟಿಗೆಗಳನ್ನು ಚೀಲಕ್ಕೆ ಹಾಕಿ, ಚೀಲವನ್ನು ಎದೆಗೆ ಒತ್ತಿ ಹಿಡಿ ಎನ್ನುತ್ತೇನೆ. ಹುಡುಗ ನಗುತ್ತ ಹಿಡಿಯುತ್ತಾನೆ. ಈಗ ಕೈ ಮುಂದೆ ಚಾಚಿ ಹಿಡಿ ಎಂದರೆ ಒಂದು ನಿಮಿಷಕ್ಕೆ ಮುಖ ಕೆಂಪಾಗುತ್ತದೆ. ಇಟ್ಟಿಗೆ ಭಾರವಾಗಲಿಲ್ಲ, ದೂರ ಹೆಚ್ಚಿತು. ತಲೆಯೂ ಹಾಗೆಯೇ. ಬೆನ್ನೆಲುಬಿನ ಮೇಲೆ ನೆಟ್ಟಗೆ ಕೂತಾಗ ಹೆಡಕಿನ ಸ್ನಾಯುಗಳಿಗೆ ಕೆಲಸ ಕಡಿಮೆ. ಮುಂದಕ್ಕೆ ಬಾಗಿದಾಗ ಅವು ಹಗ್ಗ ಜಗ್ಗುವವರ ಹಾಗೆ ಜಗ್ಗಿ ಹಿಡಿಯಬೇಕು. ಅಮೆರಿಕದ ಶಸ್ತ್ರವೈದ್ಯ ಕೆನ್ನೆತ್ ಹನ್ಸರಾಜ್ 2014ರಲ್ಲಿ ಲೆಕ್ಕ ಹಾಕಿ, 15 ಡಿಗ್ರಿ ಬಾಗಿದರೆ ಕುತ್ತಿಗೆಯ ಮೇಲಿನ ಹೊರೆ ಸುಮಾರು 12 ಕಿಲೋ, 30 ಡಿಗ್ರಿಗೆ 18, 60 ಡಿಗ್ರಿಗೆ 27 ಕಿಲೋ ಎಂದು ತೋರಿಸಿದರು. ಇದು ಕಂಪ್ಯೂಟರ್ ಮಾದರಿಯ ಲೆಕ್ಕ, ಬದುಕಿರುವ ಕುತ್ತಿಗೆಯಲ್ಲಿ ಅಳೆದದ್ದಲ್ಲ. ಅಂಕಿಗಳನ್ನು ವೇದವಾಕ್ಯ ಮಾಡಬೇಕಿಲ್ಲ. ಇಟ್ಟಿಗೆಯ ತತ್ವ ಮಾತ್ರ ಅಲ್ಲಿಯೂ ಅದೇ. (ಜಿರಾಫೆಗೂ ನಮಗೂ ಕುತ್ತಿಗೆಯಲ್ಲಿರುವ ಮೂಳೆಗಳು ಏಳೇ ಎಂದರೆ ಮಕ್ಕಳು ಇಂದಿಗೂ ನಂಬುವುದಿಲ್ಲ.)

ಈ ಹಗ್ಗ ಜಗ್ಗಾಟವನ್ನು ಕಣ್ಣಾರೆ ನೋಡಬೇಕೆಂದರೆ ಬೀದರಿನ ಬಿದರಿ ಕಸುಬುದಾರರ ಅಂಗಡಿಗೆ ಹೋಗಬೇಕು. ಬಹಮನಿ ಸುಲ್ತಾನರ ಕಾಲದಿಂದ ಬಂದ ಕಲೆ, 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದದ್ದು. 2023ರಲ್ಲಿ ನಮ್ಮ ಊರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಸತು ತಾಮ್ರಗಳ ಮಿಶ್ರಲೋಹದ ಮೇಲೆ ಕೂದಲೆಳೆಯಂಥ ಗೆರೆ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣಿನಿಂದ ಕಪ್ಪು ಮಾಡುವ ಕೆಲಸ. ಕೊರೆಯುವಾಗ ಕಣ್ಣು ಹೂಜಿಯಿಂದ ಗೇಣು ದೂರ, ಕುತ್ತಿಗೆ ಪೂರ್ತಿ ಬಾಗಿರುತ್ತದೆ. ಒಬ್ಬ ಹಿರಿಯ ಕಸುಬುದಾರರನ್ನು, "ಚಾಚಾ, ಕುತ್ತಿಗೆ ನೋಯೋದಿಲ್ವಾ?" ಎಂದು ಕೇಳಿದೆ. "ನೋಯ್ತದ ಸಾಬ್. ಅದಕ್ಕೇ ನಡು ನಡುವ ಏಳ್ತೀನಿ. ನೀರು ಕುಡೀತೀನಿ, ಬಾಗಿಲತನ ಹೋಗಿ ಬರ್ತೀನಿ. ಹುಡುಗರು ಏಳಂಗಿಲ್ಲ, ಅವರಿಗೆ ಬೇಗ ಹಿಡ್ಕೋತದ" ಎಂದರು. ನಾನು ಓದಿದ ಪುಸ್ತಕಗಳಲ್ಲಿ ಇದ್ದದ್ದೂ ಇದೇ. ಭಂಗಿ ಎಷ್ಟೇ ಸರಿಯಾಗಿರಲಿ, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರುವುದೇ ತಪ್ಪು. ಔರಾದದ ಹೊಲಗಳಲ್ಲಿ ದಿನವಿಡೀ ಬಾಗಿ ಸೋಯಾ ಕಳೆ ತೆಗೆದು, ಸಂಜೆ ತಲೆಯ ಮೇಲೆ ಮೇವಿನ ಹೊರೆ ಹೊತ್ತು ಬರುವ ತಾಯಂದಿರಿಗೆ ನಡುನಡುವೆ ಏಳುವ ಸ್ವಾತಂತ್ರ್ಯ ಎಷ್ಟಿದೆಯೋ! ಹೊರೆಯನ್ನು ಎರಡಾಗಿ ಮಾಡಿ ಎರಡು ಸಲ ತನ್ನಿ ಎಂದು ಹೇಳುವುದು ಸುಲಭ. ಹೊಲ ಮನೆಯಿಂದ ಮೂರು ಕಿ.ಮೀ. ದೂರವಿದ್ದರೆ?

ಜೇಬಿನಲ್ಲಿದ್ದ ಶತ್ರು

ಈಗ ನನ್ನ ತಪ್ಪಿಗೆ ಬರುತ್ತೇನೆ. ಮೇ ತಿಂಗಳ ಮೊದಲ ವಾರ ಮದುವೆಗೆಂದು ಭಾಲ್ಕಿಗೆ ಹೋಗಿದ್ದೆ. ಅಲ್ಲಿ ಸಿಕ್ಕವನು ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ, ಈಗ ಡಾಕ್ಟರ್. ಊಟದ ಪಂಕ್ತಿಯಲ್ಲಿ ನಾನು ಗುಳಿಗೆ ನುಂಗುವುದನ್ನು ನೋಡಿ, "ಸರ್, ತಿಂಗಳಿಗೆ ಎಷ್ಟು ದಿನ ತೊಗೋತೀರಿ?" ಎಂದ.

"ನೋವಾದಾಗ ತೊಗೋತೀನಪ್ಪ."

"ಎಷ್ಟು ದಿನ ನೋವಾಗ್ತದ ಸರ್?"

ನಾನು ಉತ್ತರಿಸುವ ಮೊದಲೇ ಪಕ್ಕದಲ್ಲಿದ್ದ ನನ್ನ ಹೆಂಡತಿ, "ಹೋದ ತಿಂಗಳು ನಾಲ್ಕು ಪಟ್ಟಿ ತಂದಾರ. ಮೆಡಿಕಲ್ ಚೀಟಿ ನನ್ ಹತ್ರ ಅವ" ಎಂದಳು. ನಾಲ್ಕು ಪಟ್ಟಿ ಎಂದರೆ 40 ಗುಳಿಗೆ! ಕೂತು ಲೆಕ್ಕ ಹಾಕಿದರೆ ಗುಳಿಗೆ ನುಂಗಿದ್ದು 23 ದಿನ. ಮಕ್ಕಳಿಗೆ ವೀಕ್ಷಣೆ, ದಾಖಲೆ, ತೀರ್ಮಾನ ಎಂದು ಪಾಠ ಹೇಳುವವನು ನಾನು. ನನ್ನ ತಲೆಯ ವಿಷಯದಲ್ಲಿ ಒಂದು ಗೆರೆಯನ್ನೂ ಬರೆದಿಟ್ಟಿರಲಿಲ್ಲ.

ಅವನು ಹೇಳಿದ್ದು ಇಷ್ಟು. ಮೊದಲೇ ತಲೆನೋವಿನ ಪ್ರವೃತ್ತಿ ಇದ್ದವರು ಪ್ಯಾರಸಿಟಮಾಲ್, ಡೈಕ್ಲೊಫೆನಾಕ್‌ನಂಥ ಸಾದಾ ನೋವಿನ ಗುಳಿಗೆಗಳನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೆ ಮೀರಿ ನುಂಗುತ್ತ ಹೋದರೆ, ಗುಳಿಗೆಯೇ ತಲೆನೋವನ್ನು ಹುಟ್ಟಿಸಲು ತೊಡಗುತ್ತದೆ. ಎರ್ಗೊಟಮೈನ್, ಟ್ರಿಪ್ಟಾನ್, ಟ್ರಮಡಾಲ್ ಜಾತಿಯವು ಮತ್ತು ಕೆಫೀನ್ ಮೊದಲಾದವನ್ನು ಬೆರೆಸಿದ ಗುಳಿಗೆಗಳಾದರೆ ತಿಂಗಳಿಗೆ 10 ದಿನವೇ ಸಾಕು. ಗುಳಿಗೆಯ ಪ್ರಭಾವ ಇಳಿದಾಗ ನೋವು, ನೋವಿಗೆ ಮತ್ತೆ ಗುಳಿಗೆ, ಹೀಗೆ ಗಾಣದೆತ್ತಿನ ಸುತ್ತಾಟ. ನನ್ನ ನೋವು ಕುತ್ತಿಗೆಯಿಂದ ಶುರುವಾದದ್ದು ನಿಜ. ಆದರೆ ವಾರಕ್ಕೊಂದು ದಿನ ಬರುತ್ತಿದ್ದುದನ್ನು ದಿನನಿತ್ಯದ್ದನ್ನಾಗಿ ಮಾಡಿದ್ದು ನಾನೇ, ನನ್ನ ಜೇಬಿನ ಪಟ್ಟಿಯೇ ಎಂದಾಗ ಊಟ ರುಚಿಸಲಿಲ್ಲ.

ಹೊಟ್ಟೆಯ ಹುಣ್ಣು, ಮೂತ್ರಪಿಂಡದ ಹಾನಿ ಇವು ಬೇರೆ. ಇಲ್ಲಿ ಒಂದು ವಿಷಯ ನೆನಪಾಗುತ್ತದೆ. ನಮ್ಮ ದೇಶದಲ್ಲಿ ರಣಹದ್ದುಗಳು ಸತ್ತು ಮುಗಿಯುತ್ತ ಬಂದದ್ದೇಕೆಂದು ಹುಡುಕಿದಾಗ ಸಿಕ್ಕಿದ್ದು, ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್. ಸತ್ತ ದನದ ಮಾಂಸ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಲಾಯಿತು. ನಮ್ಮ ಮೂತ್ರಪಿಂಡ ಹದ್ದಿನದಷ್ಟು ಸೂಕ್ಷ್ಮವಲ್ಲ ನಿಜ. ಆದರೂ ಅದೇ ಔಷಧವನ್ನು ಶೇಂಗಾದ ಹಾಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆನಲ್ಲ! ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರು, ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದು ದುಡಿಯುವವರು ವೈದ್ಯರನ್ನು ಕೇಳದೆ ಇಂಥ ಗುಳಿಗೆ ಮುಟ್ಟಲೇಬಾರದು.

ನಿಲ್ಲಿಸುವುದು ಸುಲಭವಿರಲಿಲ್ಲ. ಸಾದಾ ನೋವಿನ ಗುಳಿಗೆಗಳನ್ನು ಸಾಮಾನ್ಯವಾಗಿ ಒಮ್ಮೆಲೇ ನಿಲ್ಲಿಸಬಹುದು. ಟ್ರಮಡಾಲ್ ಜಾತಿಯವನ್ನೂ ನಿದ್ರೆಯ ಗುಳಿಗೆಗಳನ್ನೂ ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು, ಇಲ್ಲವಾದರೆ ಅಪಾಯ. ನನ್ನದು ಮೊದಲ ಬಗೆ. "ಸರ್, ಹತ್ತು ದಿನ ನೋವು ಜಾಸ್ತಿ ಆಗ್ತದ, ಆಮೇಲೆ ಇಳೀತದ. ಹೆದರಬ್ಯಾಡ್ರಿ" ಎಂದು ಶಿಷ್ಯ ಮೊದಲೇ ಹೇಳಿದ್ದ. ಶಾಲೆಗೆ ಬೇಸಿಗೆ ರಜೆ ಇತ್ತು, ಬಚಾವಾದೆ. ಮೂರನೆಯ ದಿನ ವಾಂತಿ. ನಾಲ್ಕನೆಯ ರಾತ್ರಿ ಕತ್ತಲಲ್ಲಿ ಎದ್ದು ಗೂಡಿನಲ್ಲಿ ಪಟ್ಟಿ ಹುಡುಕಿದೆ; ಹೆಂಡತಿ ಅದನ್ನು ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಳಂತೆ. ಅವತ್ತು ಅವಳ ಮೇಲೆ ಆಡಬಾರದ ಮಾತು ಆಡಿದೆ. ಅವಳು ಒದ್ದೆ ಬಟ್ಟೆ ತಂದು ಹಣೆಗೆ ಹಾಕಿ, ಏನೂ ಅನ್ನದೆ ಮಲಗಿದಳು. ಹನ್ನೆರಡನೆಯ ಬೆಳಿಗ್ಗೆ ಎದ್ದಾಗ ಏನೋ ಕಳೆದುಹೋದ ಹಾಗನ್ನಿಸಿತು. ತಲೆನೋವು ಇರಲಿಲ್ಲ.

ಮನೆಯಲ್ಲಿ ಮಾಡಿದ್ದು

ಗುಳಿಗೆ ಬಿಟ್ಟ ಮೇಲೆ ಕೈಕಟ್ಟಿ ಕೂರಲಾಗದಲ್ಲ. ಒಂದು 200 ಪುಟದ ನೋಟುಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆಯತೊಡಗಿದೆ. ನೋವು ಶುರುವಾದ ಹೊತ್ತು, ಎಲ್ಲಿ, ಹತ್ತಕ್ಕೆ ಎಷ್ಟು ಅಂಕ, ಎಷ್ಟು ತಾಸು ಇತ್ತು, ವಾಕರಿಕೆ ಇತ್ತೆ, ಬೆಳಕು ಚುಚ್ಚಿತೆ, ಹಿಂದಿನ ರಾತ್ರಿ ನಿದ್ರೆ ಎಷ್ಟು, ಊಟ ತಪ್ಪಿತೆ, ಗುಳಿಗೆ ಯಾವುದು. ಎರಡು ವಾರಕ್ಕೇ ಕೆಲವು ಗುಟ್ಟು ಹೊರಬಿದ್ದವು. ಸೋಮವಾರದ ಉಪವಾಸದ ಸಂಜೆ ನೋವು ತಪ್ಪದೆ ಬರುತ್ತಿತ್ತು. ಮೊಬೈಲು ಹಿಡಿದು ಎರಡು ದಿಂಬಿನ ಮೇಲೆ ತಲೆಯಿಟ್ಟು ಮಲಗಿದ ರಾತ್ರಿಯ ಮರುದಿನವೂ ಅಷ್ಟೇ. ದಿಂಬನ್ನು ಒಂದಕ್ಕಿಳಿಸಿ, ಕುತ್ತಿಗೆಯ ಪೊಳ್ಳು ತುಂಬುವಂತೆ ಟವೆಲ್ ಸುತ್ತಿ ಇಟ್ಟುಕೊಂಡೆ. ಉಪವಾಸ ಬಿಡಲಿಲ್ಲ, ನಡುವೆ ಮಜ್ಜಿಗೆ, ಬಾಳೆಹಣ್ಣು ಸೇರಿಸಿದೆ. ದಿನಕ್ಕೆ ಏಳೆಂಟು ಕಪ್ ಇದ್ದ ಚಹಾವನ್ನು ವಾರಕ್ಕೊಂದು ಕಪ್ಪಿನಂತೆ ಕಡಿಮೆ ಮಾಡುತ್ತ ಮೂರಕ್ಕೆ ತಂದೆ; ಚಹಾವನ್ನು ಒಮ್ಮೆಲೇ ನಿಲ್ಲಿಸಿದರೆ ಅದೇ ಒಂದು ತಲೆನೋವು. ಕನ್ನಡಕದ ನಂಬರು ತೋರಿಸಿದೆ, ಬದಲಾಗಿತ್ತು. ಎರಡು ನಂಬರಿನ ಕನ್ನಡಕದವರು ಕಂಪ್ಯೂಟರ್ ಮುಂದೆ ಗದ್ದ ಎತ್ತಿ ಓದುತ್ತಾರಲ್ಲ, ಅದೂ ಹೆಡಕಿಗೆ ಪೆಟ್ಟೇ.

ಇನ್ನು ವ್ಯಾಯಾಮ. ಗೋಡೆಗೆ ಬೆನ್ನು ಹಚ್ಚಿ ಕೂತು, ನೋಟವನ್ನು ನೇರವಾಗಿಟ್ಟು, ಗದ್ದವನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳುವುದು; ತಲೆ ಮೇಲೆ ಕೆಳಗೆ ಆಗಬಾರದು, ಡ್ರಾಯರು ಒಳಗೆ ಸರಿದಂತೆ ಸರಿಯಬೇಕು. ಐದು ಎಣಿಸಿ ಬಿಡುವುದು, ಹೀಗೆ ಹತ್ತು ಸಲ. ಆಮೇಲೆ ಅಂಗೈಯನ್ನು ಹಣೆಗೆ ಒತ್ತಿ, ತಲೆ ಅಲುಗದಂತೆ ಹಣೆಯಿಂದ ಅಂಗೈಯನ್ನು ತಳ್ಳುವುದು; ಹಾಗೆಯೇ ಎರಡು ಪಕ್ಕಕ್ಕೆ, ಹಿಂದಕ್ಕೆ. ಹೆಗಲ ರೆಕ್ಕೆಗಳನ್ನು ಹಿಂದೆ ಕೂಡಿಸಿ ಬಿಡುವುದು. ದಿನಕ್ಕೆರಡು ಸಲ, ಒಟ್ಟು ಹತ್ತು ನಿಮಿಷದ ಕೆಲಸ. ಕೈಗೆ ಜುಮುಗುಟ್ಟುವಿಕೆ ಇಳಿದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಬೇಕು. ಮೊದಲ ವಾರ ಏನೂ ಅನ್ನಿಸುವುದಿಲ್ಲ, ಬಹಳ ಮಂದಿ ಇಲ್ಲೇ ಕೈಬಿಡುತ್ತಾರೆ. ಆಸ್ಟ್ರೇಲಿಯದಲ್ಲಿ ಕುತ್ತಿಗೆಯಿಂದ ಹುಟ್ಟುವ ತಲೆನೋವಿನ 200 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ವಾರದ ವ್ಯಾಯಾಮದ ಫಲ ವರ್ಷದ ನಂತರವೂ ಉಳಿದಿತ್ತು. ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರಿಂದ ಒಮ್ಮೆ ನೋಡಿ ಕಲಿಯುವುದು ಉತ್ತಮ. ಮೊಬೈಲಿನ ವಿಡಿಯೋ ನಮ್ಮ ತಪ್ಪು ಹೇಳುವುದಿಲ್ಲ. ಕೊರಳಪಟ್ಟಿಯನ್ನು ತಿಂಗಳುಗಟ್ಟಲೆ ಕಟ್ಟಿಕೊಂಡು ತಿರುಗುವವರನ್ನು ಬಸ್ಸಿನಲ್ಲಿ ಕಾಣುತ್ತೇವೆ. ವೈದ್ಯರು ಹೇಳಿದ್ದಕ್ಕಿಂತ ಹೆಚ್ಚು ದಿನ ಕಟ್ಟಿದರೆ ಸ್ನಾಯು ಇನ್ನಷ್ಟು ಸೊರಗುತ್ತದೆ.

ಮುಲಾಮುಗಳ ಬಗ್ಗೆ ನನಗೆ ಮೊದಲು ತಾತ್ಸಾರವಿತ್ತು. ಅಮೃತಾಂಜನ 1893ರಲ್ಲಿ ಮುಂಬಯಿಯಲ್ಲಿ ಹುಟ್ಟಿದ್ದು. ನಮ್ಮ ಅಜ್ಜಿಯ ದಿಂಬಿನ ಕೆಳಗೆ ಅದರ ಹಳದಿ ಸೀಸೆ ಸದಾ ಇರುತ್ತಿತ್ತು. ಈಗ ತಾತ್ಸಾರವಿಲ್ಲ. ಚರ್ಮದ ನರತುದಿಗಳಲ್ಲಿ ತಂಪನ್ನು ಗುರುತಿಸುವ ಬಾಗಿಲನ್ನು ಪುದೀನದ ಮೆಂತಾಲ್ ತಟ್ಟಿ ತೆರೆಯುತ್ತದೆ, ಬಿಸಿಯನ್ನು ಗುರುತಿಸುವ ಬಾಗಿಲನ್ನು ಮೆಣಸಿನಕಾಯಿಯ ಖಾರ ತೆರೆಯುತ್ತದೆ. ಈ ಬಾಗಿಲುಗಳನ್ನು ಕಂಡುಹಿಡಿದವರಿಗೆ 2021ರಲ್ಲಿ ನೊಬೆಲ್ ಬಂತು. ತಂಪಿನ ಸುದ್ದಿ ಬೆನ್ನುಹುರಿಯಲ್ಲಿ ನೋವಿನ ಸುದ್ದಿಯ ದಾರಿಗೆ ಅಡ್ಡ ನಿಲ್ಲುತ್ತದೆ. ಮುಲಾಮು ರೋಗ ಕಳೆಯುವುದಿಲ್ಲ, ಆದರೆ ಒಂದು ತಾಸು ದೂಡಿಸುತ್ತದೆ. ಗುಳಿಗೆ ತಪ್ಪಿಸಿದರೆ ಅಷ್ಟೇ ಲಾಭ. ಬಿಗಿದ ಹೆಡಕಿಗೆ ಬಿಸಿನೀರಿನ ಚೀಲ, ಬಡಿಯುವ ಕಪಾಳಕ್ಕೆ ತಣ್ಣೀರ ಬಟ್ಟೆ. ನನ್ನ ಅನುಭವಕ್ಕೆ ಒಗ್ಗಿದ್ದು ಇದು.

ಒಂದನ್ನು ಮಾತ್ರ ಕೈಮುಗಿದು ಹೇಳುತ್ತೇನೆ. ಕ್ಷೌರದ ನಂತರ ತಲೆ ಹಿಡಿದು ಕುತ್ತಿಗೆಯನ್ನು ಎಡಕ್ಕೆ ಬಲಕ್ಕೆ ತಿರುವಿ 'ಲಟಕ್' ಎನ್ನಿಸಿಕೊಳ್ಳುವ ಚಟ ನಮ್ಮಲ್ಲಿ ಬಹಳ. ನನಗೂ ಇತ್ತು, ಸುಖವೂ ಅನ್ನಿಸುತ್ತಿತ್ತು. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಹೀಗೆ ಕತ್ತು ತಿರುವಿದಾಗ ಕತ್ತಿನ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಹೊಡೆದ ಸುದ್ದಿ ಪತ್ರಿಕೆಗಳಲ್ಲಿ ಬಂತು. 2022ರಲ್ಲಿ ಹೈದರಾಬಾದಿನಲ್ಲಿ, ತಲೆ ತೊಳೆಸಿಕೊಳ್ಳಲು ಬೇಸಿನ್ನಿನ ಮೇಲೆ ಕುತ್ತಿಗೆ ಹಿಂದಕ್ಕೆ ಚಾಚಿದ್ದ ಮಹಿಳೆಯೊಬ್ಬರಿಗೂ ಪಾರ್ಶ್ವವಾಯು ಆಗಿತ್ತು. ಇವು ಅಪರೂಪದ ಘಟನೆಗಳೇ. ಆದರೆ ಕಟಕಟೆ ಇಲ್ಲದ ಬಾವಿಯಲ್ಲಿ ದಿನಾ ಯಾರೂ ಬೀಳುವುದಿಲ್ಲವೆಂದು ಅದರ ದಂಡೆಯ ಮೇಲೆ ಮಲಗುತ್ತೇವೆಯೆ?

ಜೂನ್ ಕೊನೆಯ ವಾರ ಹೈದರಾಬಾದಿಗೆ ಹೋದೆ. ಹಳೆಯ ಎಕ್ಸರೇ, ಚೀಟಿಗಳು, ಖಾಲಿ ಪಟ್ಟಿಗಳು, ನೋಟುಬುಕ್ಕು ಎಲ್ಲ ಚೀಲದಲ್ಲಿದ್ದವು. ತಜ್ಞರು ಎಕ್ಸರೇಯನ್ನು ಪಕ್ಕಕ್ಕಿಟ್ಟು ಮೊದಲು ನೋಟುಬುಕ್ಕು ಕೈಗೆತ್ತಿಕೊಂಡರು. ಐದು ನಿಮಿಷ ಪುಟ ತಿರುವಿದರು. ಮೇ ತಿಂಗಳ ಮೊದಲಾರ್ಧದ ಪುಟಗಳಲ್ಲಿ ಎಂಟು, ಒಂಬತ್ತು ಎಂದಿದ್ದ ಅಂಕಗಳು ಜೂನಿನಲ್ಲಿ ಮೂರು, ನಾಲ್ಕಕ್ಕೆ ಬಂದಿದ್ದವು. ನೋವಿನ ದಿನಗಳು ತಿಂಗಳಿಗೆ ಒಂಬತ್ತು. ಕುತ್ತಿಗೆ ತಿರುಗಿಸಿ, ಬೆರಳಿನಿಂದ ಒತ್ತಿ, ಕೈ ಕಾಲಿನ ಬಲ ಪರೀಕ್ಷಿಸಿ, ನನಗೆ ಅರೆತಲೆಶೂಲೆಯೂ ಇದೆ, ಕುತ್ತಿಗೆಯ ಸ್ನಾಯುಗಳ ತೊಂದರೆಯೂ ಇದೆ, ಗುಳಿಗೆಯ ತಲೆನೋವು ಹೆಚ್ಚುಪಾಲು ಹೋಗಿದೆ ಎಂದರು. ಸ್ಕ್ಯಾನ್ ಸದ್ಯಕ್ಕೆ ಬೇಡವೆಂದರು. ನೋವು ತಡೆಯಲೆಂದು ರಾತ್ರಿ ನುಂಗುವ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್ ಬರೆದುಕೊಟ್ಟರು. ಅದು ಹಳೆಯ ಔಷಧ. ಗ್ಲಾಕೋಮಾ, ಹೃದಯದ ತೊಂದರೆ, ಮೂತ್ರ ಕಟ್ಟುವಿಕೆ ಇರುವವರಿಗೆ ಎಲ್ಲ ಸಲವೂ ಹೊಂದುವುದಿಲ್ಲ, ಆದ್ದರಿಂದ ನನ್ನ ಚೀಟಿ ನೋಡಿ ಯಾರೂ ಕೊಳ್ಳಬೇಡಿ. ಈ ಬಗೆಯ ಚಿಕಿತ್ಸೆಗೆ ಎಲ್ಲರೂ ಹೈದರಾಬಾದಿಗೇ ಹೋಗಬೇಕೆಂದಿಲ್ಲ. ಬೀದರಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಬ್ರಿಮ್ಸ್‌ನಲ್ಲಿ ಮೊದಲು ತೋರಿಸಬಹುದು. ಇ-ಸಂಜೀವಿನಿ ವ್ಯವಸ್ಥೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ದೂರದ ವೈದ್ಯರೊಡನೆ ವಿಡಿಯೋದಲ್ಲಿ ಮಾತಾಡಬಹುದು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದಲ್ಲಿ ತಲೆನೋವೂ ಸೇರಿದೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಅದರ ಬಗ್ಗೆ ವಿಚಾರಿಸಿ.

ನೋವು ಪೂರ್ತಿ ಹೋಗಿಲ್ಲ. ತಿಂಗಳಿಗೆ ಮೂರು ನಾಲ್ಕು ದಿನ ಇರುತ್ತದೆ, ಗುಳಿಗೆ ಎರಡು ದಿನ ಮೀರುವುದಿಲ್ಲ. ಹಿಂದೆ ಅಡತಿ ಅಂಗಡಿಗಳಲ್ಲಿ ಮುನೀಮರು ಇಳಿಜಾರಿನ ಪೆಟ್ಟಿಗೆಯ ಮೇಲೆ ಖಾತೆ ಪುಸ್ತಕ ಇಟ್ಟು ಬರೆಯುತ್ತಿದ್ದುದು ನೆನಪಾಗಿ, ಬಡಿಗನಿಗೆ ಹೇಳಿ ಹಾಗೆಯೇ ಒಂದು ಹಲಗೆ ಮಾಡಿಸಿಕೊಂಡೆ. ಈ ಸಲದ ಮೌಲ್ಯಮಾಪನಕ್ಕೆ ಅದನ್ನು ಕಂಕುಳಲ್ಲಿಟ್ಟುಕೊಂಡು ಹೋದಾಗ ಎಲ್ಲರೂ ನಕ್ಕರು. ಮೂರನೆಯ ದಿನ, ಹೋದ ವರ್ಷ ಗುಳಿಗೆ ಕೊಟ್ಟಿದ್ದ ಅದೇ ಪಕ್ಕದವರು ಬಡಿಗನ ಫೋನ್ ನಂಬರ್ ಬರೆದುಕೊಂಡರು.